ಗುಬ್ಬಿಗೆ ಬಂದ ವಿಲಿಯಂ ಆರ್ಥರ್: ಸ್ವರ ಹೋಯಿತು, ಬೆಂಕಿ ಹೋಗಲಿಲ್ಲ

 

ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಪಂಚಾಶತ್ತಮ ದಿನ. ಮೇಲಿನ ಕೋಣೆ. ಬೆಂಕಿಯಂಥ ನಾಲಿಗೆಗಳು ಬಂದು ಒಬ್ಬೊಬ್ಬರ ಮೇಲೂ ಕೂತವು. ಈ ಅಧ್ಯಾಯ ನಮಗೆಲ್ಲ ಬಾಯಿಪಾಠ, ಅಲ್ವಾ? ನಮ್ಮ ಸಭೆಯ ಹೆಸರೇ ಅಲ್ಲಿಂದ ಬಂದದ್ದು. ಆದರೆ ಈ ಅಧ್ಯಾಯದ ಮೇಲೆ ಒಂದು ಇಡೀ ಪುಸ್ತಕ ಬರೆದು, ನಮ್ಮ ಪೆಂತೆಕೊಸ್ತ್ ಸಭೆಗಳು ಹುಟ್ಟುವುದಕ್ಕಿಂತ ಅರ್ಧ ಶತಮಾನ ಮೊದಲೇ ಲೋಕಕ್ಕೆ ಕೊಟ್ಟ ಒಬ್ಬ ಮನುಷ್ಯ ಇಲ್ಲಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ ವಾಸ ಮಾಡಿದ್ದರು, ಕನ್ನಡ ಕಲಿತು ಕನ್ನಡದಲ್ಲಿ ಸುವಾರ್ತೆ ಸಾರಿದ್ದರು ಅಂದರೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರ ಹೆಸರು ವಿಲಿಯಂ ಆರ್ಥರ್. ಇವತ್ತು ಅವರ ಜೀವಿತವನ್ನು ನಿಮ್ಮ ಮುಂದೆ ಇಡಬೇಕು ಅಂತ ಕರ್ತನು ನನ್ನ ಹೃದಯದಲ್ಲಿ ಹಾಕಿದ್ದಾನೆ. ಕಾರಣ ಇದೆ. ಈ ಕೆಲವು ತಿಂಗಳಲ್ಲಿ ನಿಮ್ಮಲ್ಲಿ ಹಲವರು ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದ್ದೀರಿ. ಪಾಸ್ಟರ್, ನನ್ನಲ್ಲಿದ್ದ ಅಭಿಷೇಕ ಹೋಗಿಬಿಟ್ಟಿದೆ ಅನ್ಸುತ್ತೆ ಅಂತ. ಒಬ್ಬರಿಗೆ ಕೆಲಸದ ಶಿಫ್ಟ್ ಬದಲಾಗಿ ವರ್ಷಿಪ್ ಟೀಮ್ ಬಿಡಬೇಕಾಯ್ತು. ಇನ್ನೊಬ್ಬರು ನಡೆಸುತ್ತಿದ್ದ ಮನೆಕೂಟ ನಿಂತುಹೋಯ್ತು. ಮತ್ತೊಬ್ಬರಿಗೆ ಆರೋಗ್ಯ ಕೆಟ್ಟು ಉಪವಾಸ ಕೂಟಕ್ಕೆ ಬರಲಿಕ್ಕೇ ಆಗ್ತಿಲ್ಲ. ಸೇವೆ ಕೈತಪ್ಪಿತು, ಹಾಗಾದರೆ ದೇವರೂ ಕೈಬಿಟ್ಟನಾ? ಇದೇ ಪ್ರಶ್ನೆ. ಇದು ಚಿಕ್ಕ ಪ್ರಶ್ನೆ ಅಲ್ಲ ಪ್ರಿಯರೇ. ಇದಕ್ಕೆ ತಪ್ಪು ಉತ್ತರ ಕೊಟ್ಟುಕೊಂಡು ಸಭೆಯಿಂದಲೇ ದೂರ ಹೋದ ಯೌವನಸ್ಥರನ್ನು ನಾನು ನೋಡಿದ್ದೇನೆ.

ವಿಲಿಯಂ ಆರ್ಥರ್ ಹುಟ್ಟಿದ್ದು 1819ರ ಫೆಬ್ರವರಿಯಲ್ಲಿ, ಐರ್ಲೆಂಡ್ ದೇಶದಲ್ಲಿ. ಚಿಕ್ಕಂದಿನಲ್ಲಿ ಬೇರೆ ಸಭೆಗೆ ಸೇರಿದವರು; ಹದಿಹರೆಯದಲ್ಲಿ ಮೆಥೊಡಿಸ್ಟರ ನಡುವೆ ಜೀವಂತ ನಂಬಿಕೆಗೆ ಬಂದರು. 16ನೇ ವಯಸ್ಸಿಗೆ ಲೋಕಲ್ ಪ್ರೀಚರ್ ಆದರು. ಲೋಕಲ್ ಪ್ರೀಚರ್ ಅಂದರೆ ಏನು? ಪಟ್ಟದ ಪಾದ್ರಿ ಅಲ್ಲ, ಸಂಬಳದ ಸೇವಕ ಅಲ್ಲ. ನನ್ನ ಹಾಗೆ, ನಿಮ್ಮ ಹಾಗೆ, ಸಾಮಾನ್ಯ ವಿಶ್ವಾಸಿ. ವಾರವೆಲ್ಲ ತನ್ನ ಕೆಲಸ ಮಾಡಿ ಭಾನುವಾರ ವಾಕ್ಯ ಹೇಳುವವನು. ನಮ್ಮ ಕಡೆ ಆ ವಯಸ್ಸಿನ ಮಕ್ಕಳು ಎಸ್ಸೆಸ್ಸೆಲ್ಸಿ ಬರೆದು ಪಿಯುಸಿ ಯಾವ ಕಾಲೇಜು ಅಂತ ಯೋಚಿಸ್ತಾ ಇರ್ತಾರೆ. ಈ ಹುಡುಗ ಜನರ ಮುಂದೆ ನಿಂತು ಕರ್ತನ ಮಾತು ಹೇಳುತ್ತಿದ್ದ.

ಆಮೇಲೆ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ದೇವಶಾಸ್ತ್ರದ ತರಬೇತಿ. 1839ರ ಏಪ್ರಿಲ್‌ನಲ್ಲಿ ಹಡಗು ಹತ್ತಿದರು. ಆಗ ವಯಸ್ಸು ಬರೀ 20. ಸೂಯೆಜ್ ಕಾಲುವೆ ಆಗ ಇರಲಿಲ್ಲ. ಇಡೀ ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಸಮುದ್ರ ಪ್ರಯಾಣ. ಮದ್ರಾಸಿನಲ್ಲಿ ಇಳಿದ ಮೇಲೆ ರೈಲೂ ಇಲ್ಲ, ಈಗಿನ ಹೈವೇಯೂ ಇಲ್ಲ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿತ್ತು.

ಗುಬ್ಬಿಯನ್ನೇ ಯಾಕೆ ಆರಿಸಿಕೊಂಡರು? ಗುಬ್ಬಿ ಅಂದಿನ ದೊಡ್ಡ ವ್ಯಾಪಾರದ ಊರು. ಅಡಿಕೆ, ಕೊಬ್ಬರಿ ವ್ಯಾಪಾರಕ್ಕೆ ಸುತ್ತಲ ಸೀಮೆಯ ಜನ ಸಂತೆಗೆ ಬರುತ್ತಿದ್ದರು. ಸಂತೆಯಲ್ಲಿ ಒಂದು ಮಾತು ಹೇಳಿದರೆ ಅದು ಹತ್ತಾರು ಹಳ್ಳಿಗೆ ನಡೆದುಕೊಂಡು ಹೋಗುತ್ತೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲೇ ಅಲ್ಲಿ ಕೆಲಸ ಶುರು ಮಾಡಿದ್ದರು. ಇದೇ ಹಾಡ್ಸನ್ ಮುಂದೆ 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದರು. ಕುಣಿಗಲ್‌ನಲ್ಲೂ ಆ ಕಾಲದಲ್ಲೇ ಮಿಷನ್ ಕೆಲಸ ಆರಂಭವಾಯ್ತು. ಆರ್ಥರ್ ಗುಬ್ಬಿಗೆ ಬಂದು ಹಾಡ್ಸನ್ ಜೊತೆ ಸೇರಿ ಕನ್ನಡ ಕಲಿಯಲಿಕ್ಕೆ ಕೂತರು. ಬೇಗನೇ ಕಲಿತರು ಕೂಡ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ವರ್ಷಗಳ ಶ್ರಮದಿಂದ ಕನ್ನಡ ಬೈಬಲ್ ಅಷ್ಟರಲ್ಲಿ ಬಂದಿತ್ತು. ಐರ್ಲೆಂಡಿನ ಹುಡುಗ ತುಮಕೂರು ಸೀಮೆಯ ರೈತರಿಗೂ ವ್ಯಾಪಾರಿಗಳಿಗೂ ಕನ್ನಡದಲ್ಲಿ ಯೇಸುವಿನ ಬಗ್ಗೆ ಹೇಳತೊಡಗಿದ.

ಇಲ್ಲಿ ನೀವು ಏನು ನಿರೀಕ್ಷೆ ಮಾಡ್ತೀರಿ? ಸಾವಿರಾರು ಜನ ರಕ್ಷಣೆ ಹೊಂದಿದರು, ದೊಡ್ಡ ಉಜ್ಜೀವನ ಆಯ್ತು ಅಂತ ತಾನೇ? ಇಲ್ಲ. ಎರಡು ವರ್ಷವೂ ಸರಿಯಾಗಿ ತುಂಬಲಿಲ್ಲ, ಆರೋಗ್ಯ ಕೆಟ್ಟಿತು. 1841ರಲ್ಲಿ ವಾಪಸ್ ಹಡಗು ಹತ್ತಬೇಕಾಯ್ತು. ಜೀವನಪೂರ್ತಿ ಸೇವೆಗೆ ಅಂತ ಬಂದ ಮನುಷ್ಯ 22ನೇ ವಯಸ್ಸಿಗೆ ಹಿಂದಿರುಗಿ ಹೋದರು. ಭಾಷೆ ಕಲಿತ ಕಷ್ಟ, ಮನೆಯವರನ್ನು ಬಿಟ್ಟು ಬಂದ ಕಷ್ಟ, ಎಲ್ಲ ವ್ಯರ್ಥವಾಯ್ತು ಅಂತ ಯಾರಾದರೂ ಹೇಳಬಹುದಾದ ಗಳಿಗೆ ಅದು. ಇವತ್ತಿನ ನಮ್ಮ ಭಾಷೆಯಲ್ಲಿ ಫೇಲ್ಯೂರ್.

ಆದರೆ ನೋಡಿ. ಗುಬ್ಬಿಯಿಂದ ಹೋದವರು ಗುಬ್ಬಿಯನ್ನು ಬಿಡಲಿಲ್ಲ. 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಅನ್ನೋ ಪುಸ್ತಕ ಬರೆದು ಈ ಸೀಮೆಯ ಜನ, ಭಾಷೆ, ಊರುಗಳ ಬಗ್ಗೆ ಇಂಗ್ಲೆಂಡಿನ ಸಭೆಗಳಿಗೆ ತಿಳಿಸಿದರು. ಒಂದು ಮಾತು ನೇರವಾಗಿ ಹೇಳ್ತೀನಿ. ಆ ಪುಸ್ತಕದಲ್ಲಿ ನಮ್ಮ ಜನರ ನಂಬಿಕೆಗಳ ಬಗ್ಗೆ ಆ ಕಾಲದ ಬಿಳಿಯರ ಕಣ್ಣಿನಿಂದ ಬರೆದ ಕಠಿಣ ಮಾತುಗಳೂ ಇವೆ. ಅವನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ನಮ್ಮ ಅಕ್ಕಪಕ್ಕದವರನ್ನು ಹೀಯಾಳಿಸಿ ಸುವಾರ್ತೆ ಹೇಳುವುದು ಕರ್ತನ ದಾರಿ ಅಲ್ಲ. ದೇವರು ಉಪಯೋಗಿಸಿದ ಪಾತ್ರೆಯಲ್ಲೂ ಬಿರುಕು ಇರುತ್ತೆ; ಮಹಿಮೆ ಪಾತ್ರೆಗಲ್ಲ, ದೇವರಿಗೆ.

ಮುಂದಿನ ದಿನಗಳಲ್ಲಿ ಲಂಡನ್, ಫ್ರಾನ್ಸಿನ ಬೊಲೋನ್, ಪ್ಯಾರಿಸ್ ಹೀಗೆ ಸೇವೆ ನಡೆಯಿತು. 1851ರಲ್ಲಿ ವೆಸ್ಲಿಯನ್ ಮಿಷನರಿ ಸೊಸೈಟಿಗೆ ಕಾರ್ಯದರ್ಶಿ ಆದರು. 1868ರವರೆಗೆ, 17 ವರ್ಷ, ಅದೇ ಕೆಲಸ. ದೇವರ ಕೆಲಸ ಹೇಗಿದೆ ನೋಡಿ: ಮಿಷನರಿಯಾಗಿ ಎರಡು ವರ್ಷ ನಿಲ್ಲಲಿಕ್ಕೆ ಆಗದವರ ಕೈಯಲ್ಲಿ ಲೋಕಕ್ಕೆಲ್ಲ ಮಿಷನರಿಗಳನ್ನು ಕಳಿಸುವ ಜವಾಬ್ದಾರಿ! ಕಾಯಿಲೆ ಬಿದ್ದ ಮಿಷನರಿಯ ಪತ್ರ ಬಂದಾಗ ಆ ನೋವು ಎಂಥದ್ದು ಅಂತ ತಿಳಿದ ಒಬ್ಬರು ಆ ಮೇಜಿನ ಹಿಂದೆ ಕೂತಿದ್ದರು. 1866ರಲ್ಲಿ ಅವರನ್ನು ಇಡೀ ವೆಸ್ಲಿಯನ್ ಕಾನ್ಫರೆನ್ಸ್‌ನ ಅಧ್ಯಕ್ಷರನ್ನಾಗಿ ಆರಿಸಿದರು.

ಇದರ ನಡುವೆ, 1856ರಲ್ಲಿ, ಆ ಪುಸ್ತಕ ಬಂತು. 'ದಿ ಟಂಗ್ ಆಫ್ ಫೈರ್', ಬೆಂಕಿಯ ನಾಲಿಗೆ. ಅದರ ಸಾರ ನಾನು ನನ್ನ ಮಾತಿನಲ್ಲಿ ಹೇಳ್ತೀನಿ. ಪಂಚಾಶತ್ತಮ ದಿನದ ಬಲ ಒಂದು ದಿನಕ್ಕೆ ಬಂದು ಹೋದದ್ದಲ್ಲ. ಸಭೆ ಇಂದೂ ಅದನ್ನೇ ಕೇಳಬೇಕು, ಅದಕ್ಕಾಗಿಯೇ ಕಾಯಬೇಕು. ಕಟ್ಟಡ, ಹಣ, ವಿದ್ಯೆ, ಒಳ್ಳೆ ಭಾಷಣ ಎಲ್ಲ ಇದ್ದರೂ ಆತ್ಮನ ಬೆಂಕಿ ಇಲ್ಲದಿದ್ದರೆ ಕಲ್ಲು ಹೃದಯ ಒಡೆಯುವುದಿಲ್ಲ. ಆ ಬೆಂಕಿ ಪಟ್ಟದ ಪಾದ್ರಿಗಳಿಗೆ ಮಾತ್ರ ಸೇರಿದ್ದೂ ಅಲ್ಲ; ಮೇಲಿನ ಕೋಣೆಯಲ್ಲಿ ಅದು ಕೂತದ್ದು ಒಬ್ಬೊಬ್ಬರ ಮೇಲೂ. 16 ವಯಸ್ಸಿನಲ್ಲಿ ಲೋಕಲ್ ಪ್ರೀಚರ್ ಆಗಿದ್ದವರು ಇದನ್ನು ಮರೆಯಲು ಸಾಧ್ಯವೇ?

ಆರ್ಥರ್ ಪೆಂತೆಕೊಸ್ತ್ ಸಭೆಯವರಲ್ಲ. ಅನ್ಯಭಾಷೆಯ ವಿಷಯದಲ್ಲಿ ನಾವು ಬೋಧಿಸುವ ಹಾಗೆ ಅವರು ಬೋಧಿಸಲಿಲ್ಲ. ಆದರೂ ಪೆಂತೆಕೊಸ್ತ್ ಚಳವಳಿಯ ಬೇರು ಹುಡುಕಿದ ಇತಿಹಾಸಕಾರರು ಈ ಪುಸ್ತಕವನ್ನು ಮುಖ್ಯವಾಗಿ ಹೆಸರಿಸ್ತಾರೆ. ಯಾಕೆಂದರೆ ಇದು ವಿಶ್ವಾಸಿಗಳಿಗೆ ಮತ್ತೆ ಮೇಲಿನ ಕೋಣೆಯ ಭಾಷೆಯಲ್ಲಿ ಪ್ರಾರ್ಥಿಸಲು ಕಲಿಸಿತು.

ಈಗ ಗಮನ ಕೊಟ್ಟು ಕೇಳಿ. ಬೆಂಕಿಯ ನಾಲಿಗೆಯ ಬಗ್ಗೆ ಬರೆದ ಈ ಮನುಷ್ಯನ ನಾಲಿಗೆಗೆ ಏನಾಯ್ತು ಗೊತ್ತಾ? ಸ್ವರ ಕೈಕೊಟ್ಟಿತು. 1891ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಲೋಕದ ಮೆಥೊಡಿಸ್ಟರೆಲ್ಲ ಸೇರಿದ ದೊಡ್ಡ ಸಮ್ಮೇಳನ. ಆರಂಭದ ಪ್ರಸಂಗ ಆರ್ಥರ್ ಅವರದ್ದು. ಆದರೆ ಅದನ್ನು ಜನರ ಮುಂದೆ ಓದಿದ್ದು ಟಿ.ಬಿ. ಸ್ಟೀಫನ್‌ಸನ್ ಅನ್ನೋ ಇನ್ನೊಬ್ಬ ಸೇವಕರು. ಪ್ರಸಂಗ ಆರ್ಥರ್‌ದು, ಸ್ವರ ಬೇರೆಯವರದು. ಮೋಶೆ ತನ್ನ ನಾಲಿಗೆ ಮಂದ ಅಂದಾಗ ದೇವರು ಆರೋನನನ್ನು ಕೊಟ್ಟ ಹಾಗೆ. ಮೋಶೆಯನ್ನು ದೇವರು ಬೇಡ ಅನ್ನಲಿಲ್ಲ.

ಪ್ರಿಯರೇ, ನಾವು ಬೆಂಕಿಯನ್ನು ಸೌಂಡ್ ಸಿಸ್ಟಮ್ ಜೊತೆ ಕಟ್ಟಿಹಾಕಿದ್ದೇವೆ. ಡ್ರಮ್ ಜೋರಾದರೆ ಆತ್ಮನು ಬಂದ, ಮೈಕ್ ಕೈಯಿಂದ ಹೋದರೆ ಅಭಿಷೇಕ ಹೋಯ್ತು ಅಂತ ಲೆಕ್ಕ ಹಾಕ್ತೀವಿ. ಹಾಗಾದರೆ ಹೋರೇಬಿನಲ್ಲಿ ಎಲೀಯನಿಗೆ ಬಿರುಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ, ಸಣ್ಣ ಮೆಲ್ಲನೆಯ ಸ್ವರದಲ್ಲಿ ದೇವರು ಮಾತಾಡಿದ್ದನ್ನು ಏನು ಮಾಡ್ತೀರಿ? ಸೇವೆಯ ಜಾಗ ಬೇರೆ, ಸೇವೆಗೆ ಬೇಕಾದ ಸ್ವರ ಬೇರೆ, ಪವಿತ್ರಾತ್ಮನು ಬೇರೆ. ಮೊದಲಿನ ಎರಡು ನಮ್ಮ ಕೈಯಿಂದ ಹೋಗಬಹುದು. ಬೆಂಕಿ ಕೂತದ್ದು ವೇದಿಕೆ ಮೇಲಲ್ಲ, ಮನುಷ್ಯನ ಮೇಲೆ.

ಹಾಗಾದರೆ ಗುಬ್ಬಿಯಲ್ಲಿ ಏನೂ ಉಳಿಯಲಿಲ್ಲವಾ? ಉಳಿಯಿತು. ಆ ಸೀಮೆಯ ಚಿಕ್ಕ ಅನ್ನೋ ಹಳ್ಳಿಯ ಮನುಷ್ಯ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿ ದಾನಿಯೇಲ ಆದ. 1877ರಲ್ಲಿ ಹಾಡ್ಸನ್ ಅವನ ಜೀವಿತದ ಬಗ್ಗೆ 'ಓಲ್ಡ್ ಡೇನಿಯಲ್' ಅನ್ನೋ ಪುಸ್ತಕವನ್ನೇ ಬರೆದರು. ಒಬ್ಬ ಹಳ್ಳಿಯವನ ಮೇಲೆ ಒಂದು ಪುಸ್ತಕ! ನಾವು ವ್ಯೂಸ್ ಎಣಿಸ್ತೀವಿ; ಪರಲೋಕದಲ್ಲಿ ಒಂದೊಂದು ಹೆಸರನ್ನೂ ಬರೀತಾರೆ. ಆ ಮಿಷನ್ನಿನ ಸಭೆಗಳು ಮುಂದೆ 1947ರಲ್ಲಿ ದಕ್ಷಿಣ ಭಾರತ ಸಭೆಯ ಭಾಗವಾದವು. ತುಮಕೂರಿನಲ್ಲಿ ಸಿಎಸ್‌ಐ ಸಭೆಯ ಮುಂದೆ ಹಾದುಹೋಗುವಾಗ ಅವರದು ಸತ್ತ ಸಭೆ ಅಂತ ಸುಲಭವಾಗಿ ಹೇಳಬೇಡಿ. ನಾವು ಕುಡಿಯುವ ನೀರಿನ ಬಾವಿ ತೋಡಿದವರಲ್ಲಿ ಅವರ ಹಿರಿಯರೂ ಇದ್ದಾರೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. 1901ರ ಜನವರಿ 1ರಂದು ಅಮೆರಿಕದ ಟೊಪೆಕಾ ಊರಿನ ಒಂದು ಚಿಕ್ಕ ಬೈಬಲ್ ಶಾಲೆಯಲ್ಲಿ ಆಗ್ನೆಸ್ ಓಜ್ಮನ್ ಅನ್ನೋ ಸಹೋದರಿ ಅನ್ಯಭಾಷೆಯಲ್ಲಿ ಮಾತಾಡಿದರು. ನಮ್ಮ ಚಳವಳಿಯ ಕಥೆಯನ್ನು ಹೆಚ್ಚಿನವರು ಅಲ್ಲಿಂದ ಶುರು ಮಾಡ್ತಾರೆ. 1906ರಲ್ಲಿ ಅಜುಸಾ ಬೀದಿ. ವಿಲಿಯಂ ಆರ್ಥರ್ ಫ್ರಾನ್ಸಿನ ಕಾನ್ ಊರಿನಲ್ಲಿ ಕರ್ತನಲ್ಲಿ ನಿದ್ರೆ ಹೋದದ್ದು ಯಾವಾಗ? ಅದೇ 1901ರ ಮಾರ್ಚ್ 9. ಟೊಪೆಕಾದ ಸುದ್ದಿ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ಬಿತ್ತಿದವರು ಪೈರು ನೋಡದೆ ಹೋದರು. ಪೈರು ಬಂತು.

ಅದಕ್ಕೆ ಈ ವಾರ ನಿಮಗೆ ಒಂದು ಕೆಲಸ. ಮೈಕ್ ಇಲ್ಲದ, ಯಾರೂ ನೋಡದ ಜಾಗದಲ್ಲಿ ದಿನಕ್ಕೆ ಅರ್ಧ ಗಂಟೆ ಕರ್ತನ ಮುಂದೆ ಕೂತು, ಮತ್ತೆ ತುಂಬಿಸು ಅಂತ ಕೇಳಿ. ಒಮ್ಮೆ ತುಂಬಿದ ಶಿಷ್ಯರೇ 4ನೇ ಅಧ್ಯಾಯದಲ್ಲಿ ಮತ್ತೆ ತುಂಬಿಸಲ್ಪಟ್ಟರು. ಕೇಳುವುದಕ್ಕೆ ನಾಚಿಕೆ ಬೇಡ. ಬೆಂಗಳೂರಿನ ಟ್ರೈನಲ್ಲಿ ಪಕ್ಕದ ಸೀಟಿನವರಾಗಲಿ, ಕುಣಿಗಲ್ ಬಸ್ಸಿನಲ್ಲಿ ಸಿಗುವ ಹಳೇ ಸ್ನೇಹಿತನಾಗಲಿ, ಒಬ್ಬರಿಗೆ ನಿಮ್ಮ ಸ್ವಂತ ಮಾತಿನಲ್ಲಿ, ಪ್ರೀತಿಯಿಂದ, ಯೇಸು ನಿಮಗೆ ಏನು ಮಾಡಿದ್ದಾನೆ ಅಂತ ಹೇಳಿ. ಸೇವೆ ನಿಂತುಹೋಯ್ತು ಅಂತ ಅಳುತ್ತಿರುವ ಸಹೋದರ ಸಹೋದರಿಯರಿದ್ದರೆ ಅವರ ಮನೆಗೆ ಹೋಗಿ. ಸ್ಟೀಫನ್‌ಸನ್ ಮಾಡಿದ ಹಾಗೆ ಅವರ ಸ್ವರ ನೀವಾಗಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಸ್ವರ ಉಳಿಯಲಿ ಹೋಗಲಿ, ನಿನ್ನ ಬೆಂಕಿ ನಮ್ಮಿಂದ ತೆಗೆಯಬೇಡ. ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ, ಈ ತುಮಕೂರಿನಲ್ಲಿ ಬಿತ್ತಿದ ಬೀಜವನ್ನು ನೆನಪು ಮಾಡಿಕೋ. ಸೋತೆವು ಅಂತ ಕೂತಿರುವ ನಿನ್ನ ಮಕ್ಕಳನ್ನು ಇವತ್ತೇ ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.