ರುಶಿಯಾ ಸಭೆಯ ಕುರುಬನಾದ ತಿಖೋನನು

ರುಶಿಯಾ ದೇಶದ ಪುರಾತನ ಸಭೆಗೆ ಸಂಕಟಕಾಲದಲ್ಲಿ ಮಹಾಧ್ಯಕ್ಷನಾಗಿದ್ದ ತಿಖೋನನು 1865ನೆಯ ಇಸವಿಯಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಆ ಸಭೆಯ ಆಚಾರಗಳು ನಮ್ಮವುಗಳಲ್ಲ. ಚಿತ್ರಪಟಗಳ ಮುಂದೆ ದೀಪ ಹಚ್ಚುವುದನ್ನು ನಾವು ಒಪ್ಪಲಾರೆವು. ಆದರೂ, ಪ್ರಿಯರೇ, ಕ್ರಿಸ್ತನ ನಾಮದ ನಿಮಿತ್ತ ಆತನು ಅನುಭವಿಸಿದ್ದನ್ನು ನಾವು ಅರಿತಿರುವುದು ಯೋಗ್ಯವೇ.

1917ರ ನವೆಂಬರ ತಿಂಗಳಲ್ಲಿ, ದೇವರಿಲ್ಲವೆಂದು ಸಾರುವ ಬೊಲ್ಶೆವಿಕರು ಅಧಿಕಾರ ಹಿಡಿದ ಕೆಲವು ದಿವಸಗಳಲ್ಲಿಯೇ, ಮಾಸ್ಕೋ ನಗರದಲ್ಲಿ ರಕ್ಷಕನಾದ ಕ್ರಿಸ್ತನ ಹೆಸರುಳ್ಳ ಮಹಾದೇವಾಲಯದೊಳಗೆ, ಮತ್ತೀಯನನ್ನು ಆರಿಸಿದ ಹಾಗೆ, ಮೂವರ ಹೆಸರುಗಳನ್ನು ಬರೆದು ಚೀಟು ಹಾಕಿದರು. ಮೂವರಲ್ಲಿ ತಿಖೋನನಿಗೇ ಮತಗಳು ಕಡಿಮೆ ಬಿದ್ದಿದ್ದವು. ಮುದಿ ಸನ್ಯಾಸಿಯೊಬ್ಬನು ಎತ್ತಿದ ಚೀಟಿನಲ್ಲಿದ್ದದ್ದು ಅವನ ಹೆಸರೇ.

1918ರಲ್ಲಿ ಸರಕಾರವು ಸಭೆಯ ಸ್ವತ್ತನ್ನೆಲ್ಲಾ ಕಿತ್ತುಕೊಂಡು, ಶಾಲೆಗಳಲ್ಲಿ ದೇವರ ವಾಕ್ಯವನ್ನು ಕಲಿಸಬಾರದೆಂದು ವಿಧಿಸಿತು. ತಿಖೋನನು ನಿರಪರಾಧಿಗಳ ರಕ್ತ ಸುರಿಸುವವರನ್ನು ಸಭೆಯಿಂದ ಬಹಿಷ್ಕರಿಸಿದನು.

1921ರಲ್ಲಿ ವೋಲ್ಗಾ ನದಿಯ ಸೀಮೆಯಲ್ಲಿ ಘೋರವಾದ ಬರ ಬಂತು. ತಿಖೋನನು ಹಸಿದವರಿಗಾಗಿ ಎಲ್ಲಾ ಕಡೆಗೂ ಬೇಡಿಕೆ ಕಳುಹಿಸಿದನು; ಆರಾಧನೆಗೆ ಪ್ರತಿಷ್ಠಿಸದ ಒಡವೆಗಳನ್ನು ಕೊಟ್ಟುಬಿಡಿರೆಂದು ಸಭೆಗಳಿಗೆ ಅಪ್ಪಣೆಯನ್ನೂ ಕೊಟ್ಟನು. ಅದು ಸಾಲದೆ ಅಧಿಕಾರಿಗಳು 1922ರ ಫೆಬ್ರವರಿಯಲ್ಲಿ ಕರ್ತನ ಭೋಜನದ ಪಾತ್ರೆಗಳನ್ನು ಸಹ ಬಲಾತ್ಕಾರದಿಂದ ತೆಗೆಯಲು ಹೊರಟರು. ಶೂಯ ಎಂಬ ಊರಲ್ಲಿ ಅಡ್ಡನಿಂತ ಜನರ ಮೇಲೆ ಗುಂಡು ಹಾರಿತು. ಬರದ ಸಂಕಟವೇ ಸಭೆಯನ್ನು ಮುರಿಯಲು ತಕ್ಕ ಸಮಯವೆಂದು ಲೆನಿನನು ಅದೇ ಮಾರ್ಚಿಯಲ್ಲಿ ತನ್ನವರಿಗೆ ಗುಟ್ಟಾಗಿ ಬರೆದಿದ್ದನೆಂಬದು ಬಹುಕಾಲದ ತರುವಾಯ ಬೈಲಾಯಿತು. ಪೆತ್ರೊಗ್ರಾದ್ ನಗರದ ಅಧ್ಯಕ್ಷನಾದ ವೆನಿಯಾಮಿನನನ್ನು ಆಗಸ್ಟಿನಲ್ಲಿ ಗುಂಡಿಕ್ಕಿ ಕೊಂದರು. ತಿಖೋನನು ಮೇ ತಿಂಗಳಿಂದಲೇ ಕಾವಲಲ್ಲಿದ್ದನು.

1923ರ ಜೂನಿನಲ್ಲಿ ಆತನು, ತಾನು ಸರಕಾರದ ವೈರಿಯಲ್ಲವೆಂದೂ ಹಿಂದಿನ ನಡತೆಗಾಗಿ ಪಶ್ಚಾತ್ತಾಪಪಡುವೆನೆಂದೂ ಬರೆದುಕೊಟ್ಟು ಬಿಡುಗಡೆ ಹೊಂದಿದನು. ಇದು ಪೇತ್ರನ ನಿರಾಕರಣೆಯಂಥದೋ? ನನಗೆ ಹಾಗೆ ತೋರುವುದಿಲ್ಲ. ಆತನು ಕರ್ತನನ್ನು ಅರಿಯೆನೆನ್ನಲಿಲ್ಲ. ಆತನು ಸೆರೆಯಲ್ಲಿದ್ದಾಗ ಸರಕಾರದ ಆಸರೆ ಪಡೆದ ಪಂಗಡವೊಂದು ದೇವಾಲಯಗಳನ್ನು ವಶಮಾಡಿಕೊಂಡು, ಆತನನ್ನು ಪದವಿಯಿಂದ ತಳ್ಳಿದೆವೆಂದು ಸಾರಿತ್ತು, ಮಂದೆಯು ಚದರುತ್ತಿತ್ತು. ಆತನು ಹೊರಬಂದ ಮೇಲೆ ಅನೇಕ ಸಭೆಗಳು ಆತನ ಬಳಿಗೆ ತಿರುಗಿಬಂದವು.

1924ರ ಡಿಸೆಂಬರಿನಲ್ಲಿ ಆತನ ಕೋಣೆಗೆ ನುಗ್ಗಿದವರು ಆತನ ಸೇವಕನನ್ನು ಕೊಂದರು. 1925ರ ಏಪ್ರಿಲ್ 7ರಂದು ತಿಖೋನನೂ ತೀರಿಕೊಂಡನು. ಡೋನ್ಸ್ಕೋಯ್ ಮಠದಲ್ಲಿ ಸಮಾಧಿಯಾಯಿತು. ಆ ವರೆಗೆ ಸ್ವಲ್ಪ ಬಿಡುವು ಕಂಡಿದ್ದ ಸುವಾರ್ತಾ ಸಭೆಗಳವರನ್ನೂ 1929ರ ಕಾನೂನು ಬಿಗಿಯಿತು. ಚೀಟು ಎತ್ತಿದ ಆ ಮಹಾದೇವಾಲಯವನ್ನು 1931ರ ಡಿಸೆಂಬರಿನಲ್ಲಿ ಸಿಡಿಮದ್ದಿನಿಂದ ಕೆಡವಿದರು. ಸೋವಿಯತ್ ರಾಜ್ಯವು ಅಳಿದ ಮೇಲೆ ಅದೇ ಸ್ಥಳದಲ್ಲಿ ಅದನ್ನು ತಿರುಗಿ ಕಟ್ಟಿ 2000ದಲ್ಲಿ ಪ್ರತಿಷ್ಠಿಸಿದರು.