ಕಾಣದ ಪ್ರಾಣಿಗಳ ಶಿಲ್ಪಿ

ನಮ್ಮ ಚಿಕ್ಕೋಡಿ, ಅಥಣಿ ಕಡೆಯ ಹಳ್ಳಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈ ಹಿಂಜರಿಯುವುದಿಲ್ಲ. ಹಿಣಿಲೆಷ್ಟು, ಕೋಡೆತ್ತ ಬಾಗಬೇಕು ಎಂಬುದು ನಿತ್ಯ ಕಣ್ಣೆದುರಿಗಿರುವ ಸಂಗತಿ. ಆದರೆ ಮನುಷ್ಯನಾರೂ ಕಾಣದ, ಆನೆಯನ್ನೂ ಮೀರಿಸುವ ಪ್ರಾಣಿಯನ್ನು ಮಾಡಿ, ಬಣ್ಣ ಬಳಿದು, ಸಾವಿರಾರು ಜನರೆದುರು ನಿಲ್ಲಿಸಬೇಕೆಂದರೆ? ಆ ಸಾಹಸಕ್ಕೆ ಕೈಯಿಕ್ಕಿದವನು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್.

ಹಾಕಿನ್ಸನು ೧೮೦೭ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ವಿಲಿಯಂ ಬೆನ್ಸ್ ಎಂಬ ಶಿಲ್ಪಿಯಲ್ಲಿ ಅಭ್ಯಾಸ ಮಾಡಿ, ಪ್ರಾಣಿಚಿತ್ರಕಾರನೆಂದು ಹೆಸರಾದನು. ಡಾರ್ವಿನ್ನನು ಬೀಗಲ್ ಹಡಗಿನಲ್ಲಿ ತಂದ ಮೀನು, ಸರೀಸೃಪಗಳ ಚಿತ್ರಗಳನ್ನು ಬರೆದವನು ಇವನೇ. ವಿನೋದವೆಂದರೆ, ವಿಕಾಸವಾದವನ್ನು ಇವನು ಒಪ್ಪಲೇ ಇಲ್ಲ.

೧೮೫೨ರಲ್ಲಿ ಲಂಡನ್ನಿನ ಸಿಡನಂ ಉದ್ಯಾನಕ್ಕಾಗಿ ಅಳಿದುಹೋದ ಪ್ರಾಣಿಗಳ ಪ್ರತಿಮೆಗಳನ್ನು ಮಾಡಿಕೊಡುವ ಕೆಲಸ ಇವನಿಗೆ ದೊರೆಯಿತು. ಡೈನೊಸಾರ್ ಎಂಬ ಹೆಸರನ್ನು ರಿಚರ್ಡ್ ಓವೆನ್ ಇಟ್ಟು ಆಗಿನ್ನೂ ಹತ್ತೇ ವರ್ಷ. (ನಮ್ಮ ಎರೆಹೊಲಗಳ ಕೆಳಗಿರುವ ಕರಿಕಲ್ಲು ಲಾವಾರಸವಾಗಿ ಹರಿದು ಹೆಪ್ಪುಗಟ್ಟಿದ್ದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ, ಆ ಸಂತತಿ ಅಳಿದ ಕಾಲದಲ್ಲಿಯೇ.) ಓವೆನ್ನನ ಸಲಹೆ, ಕೆಲವು ಹಲ್ಲು, ಮುರುಕು ಎಲುಬು ಇಷ್ಟೇ ಹಾಕಿನ್ಸನ ಬಂಡವಾಳ. ಮೊದಲು ಜೇಡಿಮಣ್ಣಿನಲ್ಲಿ ಪೂರ್ಣ ಗಾತ್ರದ ಮೂರ್ತಿ, ಅದರಿಂದ ಅಚ್ಚು, ಬಳಿಕ ಎರಕ. ಇಗ್ವಾನೊಡಾನ್ ಒಂದಕ್ಕೇ ನಾಲ್ಕು ಕಬ್ಬಿಣದ ಕಂಬ, ೬೦೦ ಇಟ್ಟಿಗೆ, ೩೮ ಪೀಪಾಯಿ ಸಿಮೆಂಟು ಹಿಡಿಯಿತು. ಮನೆ ಕಟ್ಟಿದಷ್ಟೇ ಕೆಲಸ! ೧೮೫೩ರ ಡಿಸೆಂಬರ್ ೩೧ರ ರಾತ್ರಿ ಆ ಪ್ರಾಣಿಯ ಅಚ್ಚಿನೊಳಗೆ ಮೇಜು ಹಾಕಿಸಿ ವಿದ್ವಾಂಸರಿಗೆ ಔತಣವನ್ನೂ ಬಡಿಸಿದನು. ಪ್ರಚಾರದ ಕಲೆಯೂ ಅವನಿಗೆ ಚೆನ್ನಾಗಿ ತಿಳಿದಿತ್ತು.

ಇನ್ನುಳಿದುದು ಬಣ್ಣ. ಎಲುಬು ಆಕಾರವನ್ನು ಹೇಳೀತು, ಬಣ್ಣವನ್ನು ಹೇಳದು. ಬದುಕಿರುವ ಹಲ್ಲಿ, ಮೊಸಳೆಗಳನ್ನು ಬರೆದ ಕೈಯ ಅನುಭವವೇ ಇಲ್ಲಿ ಅವನಿಗೆ ಆಧಾರ. ೧೮೫೪ರ ಜೂನ್ ೧೦ರಂದು ವಿಕ್ಟೋರಿಯಾ ರಾಣಿಯು ಉದ್ಯಾನವನ್ನು ತೆರೆದಾಗ, ಕೆರೆಯ ದಂಡೆಯಲ್ಲಿ ನಿಂತ ಆ ಬಣ್ಣದ ಮೃಗಗಳನ್ನು ಜನ ಬೆರಗಾಗಿ ನೋಡಿದರು. ಮರುವರ್ಷವೇ ಕಂಪನಿ ಹಣ ನಿಲ್ಲಿಸಿತು. ಯೋಜಿಸಿದ ಎಷ್ಟೋ ಪ್ರತಿಮೆಗಳು ಹುಟ್ಟಲೇ ಇಲ್ಲ.

೧೮೬೮ರಲ್ಲಿ ಹಾಕಿನ್ಸನು ಅಮೇರಿಕೆಗೆ ಹೋದನು. ಫಿಲಡೆಲ್ಫಿಯದಲ್ಲಿ ಹ್ಯಾಡ್ರೊಸಾರಸ್ಸಿನ ಅಸ್ಥಿಪಂಜರವನ್ನು ನಿಲ್ಲಿಸಿದನು. ಡೈನೊಸಾರ್ ಪಂಜರವೊಂದನ್ನು ಹೀಗೆ ನಿಲ್ಲಿಸಿದುದು ಜಗತ್ತಿನಲ್ಲಿ ಅದೇ ಮೊದಲು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗಾಗಿ ಇನ್ನೂ ದೊಡ್ಡ ಕೆಲಸ ಹಿಡಿದನು. ಅದಕ್ಕೆ ಒದಗಿದ ಗತಿಯನ್ನು ನೆನೆದರೆ ಮನಸ್ಸು ಮರುಗುತ್ತದೆ. ೧೮೭೧ರ ಮೇ ತಿಂಗಳಲ್ಲಿ ಆಳುಗಳು ನುಗ್ಗಿ, ಎರಡು ವರ್ಷಗಳಿಗೂ ಮಿಕ್ಕ ದುಡಿಮೆಯನ್ನು ಸುತ್ತಿಗೆಗಳಿಂದ ಪುಡಿಮಾಡಿದರು. ಟ್ವೀಡ್ ಎಂಬ ಭ್ರಷ್ಟ ರಾಜಕಾರಣಿಯ ಮೇಲೆ ಬಹುಕಾಲ ಈ ದೂರು ಇತ್ತು. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಪಾರ್ಕಿನ ಅಧಿಕಾರಿ ಹೆನ್ರಿ ಹಿಲ್ಟನ್ನನತ್ತ ಬೆರಳು ತೋರಿತು. ತಿಮಿಂಗಿಲದ ಅಸ್ಥಿಪಂಜರಕ್ಕೆ ಬಿಳಿ ಬಣ್ಣ ಬಳಿಸಿದ ಮಹಾಶಯ ಈತ! ಒಬ್ಬನ ಕುಂಚ ಕಾಣದ ಜೀವವನ್ನು ಕಾಣಿಸಲು ಹೆಣಗಿತು. ಇನ್ನೊಬ್ಬನದು ಇದ್ದುದನ್ನೂ ಕೆಡಿಸಿತು.

೧೮೭೮ರಲ್ಲಿ ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಯೊಂದರಲ್ಲಿ ಇಗ್ವಾನೊಡಾನ್‌ಗಳ ಇಡಿಯ ಪಂಜರಗಳು ದೊರೆತವು. ಹಾಕಿನ್ಸನು ಮೂಗಿನ ಮೇಲೆ ಕೂರಿಸಿದ್ದ ಕೊಂಬು ನಿಜವಾಗಿ ಹೆಬ್ಬೆರಳಿನ ಮುಳ್ಳು ಎಂಬುದು ಅವುಗಳಿಂದ ನಿಶ್ಚಯವಾಯಿತು. ಆತನು ೧೮೯೪ರಲ್ಲಿ ತೀರಿಕೊಂಡನು. ಸಿಡನಂ ಪ್ರತಿಮೆಗಳು ಇಂದಿಗೂ ನಿಂತಿವೆ. ೨೦೨೦ರಲ್ಲಿ ಮೆಗಲೊಸಾರಸ್ಸಿನ ಮೂತಿ ಕಳಚಿ ಬಿದ್ದಾಗ ಹೊಸದನ್ನು ಮಾಡಿ ಕೂರಿಸಿದರು. ಇಗ್ವಾನೊಡಾನ್‌ನ ಕೊಂಬನ್ನು ಮಾತ್ರ ಯಾರೂ ತೆಗೆದಿಲ್ಲ. ಅದು ಮೂಗಿನ ಮೇಲೆಯೇ ಇದೆ.