ವಿನೋಬಾ ಭಾವೆಯವರ ವಾಕ್ಸತ್ಯಾಗ್ರಹ

ಭೂದಾನವೆಂದೊಡನೆ ವಿನೋಬಾ ಭಾವೆಯವರ ಹೆಸರು ನೆನಪಿಗೆ ಬರುವುದು ಸಹಜ. ನಂಜನಗೂಡಿನ ದೊಡ್ಡ ಜಾತ್ರೆಗೂ ತಿರುಮಕೂಡಲಿನ ಸಂಗಮಸ್ನಾನಕ್ಕೂ ಬುತ್ತಿ ಕಟ್ಟಿಕೊಂಡು ನಡೆದೇ ಬರುತ್ತಿದ್ದ ನಮ್ಮ ಸೀಮೆಯ ಜನಕ್ಕೆ, ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದ ಈ ಪುರುಷರು ಅಪರಿಚಿತರೆನಿಸುವಂತಿಲ್ಲ. ಆದರೆ ಭೂದಾನಕ್ಕೆ ಹತ್ತು ವರ್ಷಗಳಿಗೂ ಮೊದಲೇ ಅವರು ಇನ್ನೊಂದು ವ್ರತವನ್ನು ಹಿಡಿದು ಸೆರೆಮನೆಯನ್ನು ಸೇರಿದ್ದರು. ಯುದ್ಧವು ಬೇಡವೆಂದು ಬಾಯಿಬಿಟ್ಟು ಹೇಳುವುದೇ ಆ ವ್ರತ. ಜನಾಧಿಕಾರದ ಈ ಕಾಲದಲ್ಲಿ ಸದ್ಭಕ್ತರು ಆ ವೃತ್ತಾಂತವನ್ನು ಅರಿಯಬೇಕೆಂದು ಇಲ್ಲಿ ನಿವೇದಿಸಿದೆ.

ವಿನಾಯಕ ನರಹರಿ ಭಾವೆಯವರು 1895ನೆಯ ಸೆಪ್ಟೆಂಬರ್ 11ರಂದು ಕೊಲಾಬಾ ಪ್ರಾಂತದ ಗಾಗೋದೆ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ತಾಯಿ ರುಕ್ಮಿಣಿದೇವಿಯವರು ಭಕ್ತೆ. ಮಗನ ವೈರಾಗ್ಯಕ್ಕೆ ಮೊದಲ ಗುರು ಆಕೆಯೇ. 1916ರಲ್ಲಿ ಪರೀಕ್ಷೆಗೆಂದು ಮುಂಬಯಿಯ ರೈಲು ಹತ್ತಿದವರು ಸೂರತ್ತಿನಲ್ಲಿ ಇಳಿದು ಕಾಶಿಯ ದಾರಿ ಹಿಡಿದರು. ಅದಕ್ಕೆ ಮೊದಲೇ ಶಾಲೆಯ ಪ್ರಮಾಣಪತ್ರಗಳನ್ನು ಒಲೆಗೆ ಹಾಕಿ ಸುಟ್ಟಿದ್ದರು. (ಪಾಠಶಾಲೆಯ ಉಪಾಧ್ಯಾಯನಾದ ನಾನು ಈ ಕೃತ್ಯವನ್ನು ಮಕ್ಕಳಿಗೆ ಒತ್ತಿ ಹೇಳುವುದಿಲ್ಲ.) ಅದೇ ವರ್ಷದ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಉತ್ಸವದಲ್ಲಿ ಗಾಂಧೀಜಿ ಮಾತನಾಡಿದ್ದರು. ರಾಜಮಹಾರಾಜರ ಎದುರಿನಲ್ಲಿಯೇ ಅವರ ಆಭರಣಗಳನ್ನು ಟೀಕಿಸಿದ ಆ ಭಾಷಣವನ್ನು ವೇದಿಕೆಯ ಮೇಲಿದ್ದವರು ಪೂರ್ತಿ ಮಾಡಗೊಡಲಿಲ್ಲ. ಹೀಗೆ ನಡುವೆಯೇ ನಿಂತುಹೋದ ಆ ಮಾತಿನ ವರದಿಯನ್ನು ಪತ್ರಿಕೆಯಲ್ಲಿ ಓದಿ ವಿನೋಬರು ಗಾಂಧೀಜಿಗೆ ಕಾಗದ ಬರೆದರು. ಜೂನ್ 7ರಂದು ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ ಬಂದು ಸೇರಿದರು. ಅನಂತರ ವಾಯಿಯಲ್ಲಿ ಶಾಸ್ತ್ರಾಧ್ಯಯನ, 1921ರಿಂದ ವಾರ್ಧಾ ಆಶ್ರಮದ ಹೊಣೆ, 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ಗೀತೆಯ ಮೇಲೆ ಪ್ರವಚನ. ನೂಲುವುದು, ಗುಡಿಸುವುದು, ಅಡಿಗೆ ಮಾಡುವುದು, ಉಪನಿಷತ್ತನ್ನು ವಿಚಾರಿಸುವುದು ಇವುಗಳಲ್ಲಿ ಅವರು ಮೇಲುಕೀಳನ್ನು ಎಣಿಸಲಿಲ್ಲ. 1927ರಲ್ಲಿ ಗಾಂಧೀಜಿ ಬಂದುಹೋದ ಬದನವಾಳು ನಂಜನಗೂಡಿನ ನೆರೆಯಲ್ಲಿಯೇ ಇರುವುದರಿಂದ, ನೂಲುವ ಕಾಯಕವೆಂದರೆ ಏನೆಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1939ನೆಯ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿ ಸೇರಿದೆಯೆಂದು ಸಾರಿದನು. ಈ ದೇಶದ ಒಬ್ಬ ಪ್ರತಿನಿಧಿಯನ್ನೂ ಕೇಳಲಿಲ್ಲ. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಯುದ್ಧಕಾಲದ ಕಾಯಿದೆಗಳ ಪ್ರಕಾರ ಯುದ್ಧಕ್ಕೆ ವಿರೋಧವಾಗಿ ಆಡುವ ಮಾತೇ ಅಪರಾಧವಾಯಿತು. ಎದುರಿನಲ್ಲಿದ್ದವನು ಹಿಟ್ಲರನೆಂಬುದನ್ನೂ ಮರೆಯಲಾಗದು. ಅವನಂಥ ಕ್ರೂರಿಯ ಮೇಲಿನ ಯುದ್ಧವನ್ನು ಬೇಡವೆನ್ನಬಹುದೆ ಎಂದು ಕೇಳಿದವರು ಮೂಢರೇನೂ ಅಲ್ಲ. ಕಾಂಗ್ರೆಸ್ಸಿನ ದೊಡ್ಡ ನಾಯಕರಲ್ಲಿ ಅನೇಕರು ಸ್ವಾತಂತ್ರ್ಯ ದೊರೆತರೆ ಯುದ್ಧಕ್ಕೆ ನೆರವಾಗಲು ಸಿದ್ಧರಿದ್ದರು. ಗಾಂಧೀಜಿ ಈ ಕಷ್ಟವನ್ನೆಲ್ಲ ಬಲ್ಲವರಾಗಿ ಸಾಮೂಹಿಕ ಚಳವಳಿಯನ್ನು ಬಿಟ್ಟು, ಆಯ್ದ ಒಬ್ಬೊಬ್ಬರೇ ಮಾತನಾಡುವ ವೈಯಕ್ತಿಕ ಸತ್ಯಾಗ್ರಹವನ್ನು ಗೊತ್ತುಮಾಡಿದರು. ಯುದ್ಧವನ್ನು ನಿಲ್ಲಿಸಬೇಕೆಂಬುದಲ್ಲ, ಯುದ್ಧವು ತಪ್ಪೆಂದು ತಿಳಿದವನಿಗೆ ಹಾಗೆ ಹೇಳುವ ಅಧಿಕಾರವಿರಬೇಕೆಂಬುದೇ ಅಲ್ಲಿನ ಬೇಡಿಕೆ.

ಅದರ ಕ್ರಮವೂ ವಿಚಿತ್ರವಾದುದು. ಸತ್ಯಾಗ್ರಹಿಯು ಯಾವ ಊರಿನಲ್ಲಿ, ಯಾವ ಹೊತ್ತಿಗೆ ಮಾತನಾಡುವೆನೆಂಬುದನ್ನು ಮೊದಲೇ ಮ್ಯಾಜಿಸ್ಟ್ರೇಟರಿಗೆ ಬರೆದು ತಿಳಿಸಬೇಕು. ಗುಟ್ಟಿಲ್ಲ, ಗುಂಪಿಲ್ಲ, ಕಲ್ಲೆಸೆತವಿಲ್ಲ. ಹಿಡಿದರೆ ಸೆರೆಗೆ ಹೋಗಬೇಕು. ಹಿಡಿಯದಿದ್ದರೆ ಮುಂದಿನ ಹಳ್ಳಿಗೆ ನಡೆಯಬೇಕು. ಇದಕ್ಕೆ ಮೊದಲಿಗರಾಗಿ ಯಾರನ್ನು ಆರಿಸುವರೋ ಎಂದು ದೇಶವೆಲ್ಲ ಕಾದಿತ್ತು. ಆರಿಸಿದುದು ವಿನೋಬರನ್ನು. ಹೊರಗಿನವರು ಅವರ ಹೆಸರನ್ನೇ ಕೇಳಿರಲಿಲ್ಲವಾದುದರಿಂದ ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಅವರ ಪರಿಚಯವನ್ನು ಬರೆಯಬೇಕಾಯಿತು. ನನಗೆ ತೋರುವಂತೆ ಆ ಆಯ್ಕೆಯಲ್ಲಿ ಅರ್ಥವಿತ್ತು. ರಾಜಕೀಯದ ಲಾಭಕ್ಕಾಗಿ ಯುದ್ಧವನ್ನು ವಿರೋಧಿಸುವವನು ಲಾಭ ಸಿಕ್ಕೊಡನೆ ಸುಮ್ಮನಾಗುವನು. ವಿನೋಬರಿಗೆ ಯುದ್ಧಮಾತ್ರವೇ ತ್ಯಾಜ್ಯವಾಗಿತ್ತು.

1940ನೆಯ ಅಕ್ಟೋಬರ್ 17ರಂದು ಅವರು ಪವನಾರಿನಲ್ಲಿ ಮಾತನಾಡಿದರು. ಸರ್ಕಾರ ಹಿಡಿಯಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ನಾಲ್ಕು ದಿನ ನಡೆಯುತ್ತ ಮಾತನಾಡಿದ ಮೇಲೆ 21ರಂದು ಬಂಧಿಸಿ ಮೂರು ತಿಂಗಳ ಶಿಕ್ಷೆ ವಿಧಿಸಿದರು. ಸತ್ಯಾಗ್ರಹದ ವರದಿಗಳಿಗೆ ಪತ್ರಿಕೆಗಳಲ್ಲಿ ತಡೆ ಬಿತ್ತು. ಗಾಂಧೀಜಿ ತಮ್ಮ ಹರಿಜನ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಎರಡನೆಯವರಾಗಿ ಆಯ್ಕೆಯಾದ ಜವಾಹರಲಾಲ್ ನೆಹರೂ ಅವರಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಮುಂದಿನ ವರ್ಷದೊಳಗೆ 20,000ಕ್ಕೂ ಹೆಚ್ಚು ಜನ ಇದೇ ಮಾತಿಗಾಗಿ ಸೆರೆ ಸೇರಿದರು. ವಿನೋಬರು ಬಿಡುಗಡೆಯಾದೊಡನೆ ಮತ್ತೆ ಮಾತನಾಡಿ ಮತ್ತೆ ಒಳಗೆ ಹೋದರು. 1942ರ ಬಳಿಕ ಮೂರು ವರ್ಷ ವೆಲ್ಲೂರು ಮತ್ತು ಸಿವನಿಯ ಸೆರೆಮನೆಗಳಲ್ಲಿ ಕಳೆದು, ಆ ಕಾಲವನ್ನು ಕನ್ನಡವೇ ಮೊದಲಾದ ದ್ರಾವಿಡ ಭಾಷೆಗಳ ಅಭ್ಯಾಸಕ್ಕೆ ವಿನಿಯೋಗಿಸಿದರು.

ಮುಂದಿನ ಕಥೆ ಸರ್ವವಿದಿತ. 1951ನೆಯ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ರಾಮಚಂದ್ರ ರೆಡ್ಡಿಯವರು ಕೊಟ್ಟ 100 ಎಕರೆಯಿಂದ ಭೂದಾನ ಮೊದಲಾಯಿತು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಯಲವಾಳದಲ್ಲಿ ಗ್ರಾಮದಾನದ ಸಭೆ ಸೇರಿದಾಗ, ಒಂದೇ ಚಪ್ಪರದಡಿ ನೆಹರೂ ಅವರೂ ಕೇರಳದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ ಕುಳಿತು ವಿನೋಬರ ಮಾತನ್ನು ಕೇಳಿದರು. ಪರಸ್ಪರ ವಿರೋಧಿಗಳು ಹಾಗೆ ಒಟ್ಟಿಗೆ ಕುಳಿತುದು ನಮ್ಮ ಜಿಲ್ಲೆಯ ಭಾಗ್ಯ.

ಇನ್ನು ಹೇಳಲು ಮನಸ್ಸು ಹಿಂಜರಿಯುವ ಒಂದು ಸಂಗತಿಯಿದೆ. ಮುಚ್ಚಿಟ್ಟರೆ ಚರಿತ್ರೆ ಸ್ತೋತ್ರವಾದೀತು. 1975ನೆಯ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಸಂವಿಧಾನದ 19ನೆಯ ಅನುಚ್ಛೇದವು ಕೊಟ್ಟ ವಾಕ್ಸ್ವಾತಂತ್ರ್ಯ ಅಮಾನತಿನಲ್ಲಿ ಬಿದ್ದಿತು. ಭೂದಾನದಲ್ಲಿ ಜೊತೆಗಾರರಾಗಿದ್ದ ಜಯಪ್ರಕಾಶ ನಾರಾಯಣರು ಸೆರೆಯಾದರು. ವಿನೋಬರು ಆಗ ಒಂದು ವರ್ಷದ ಮೌನವ್ರತದಲ್ಲಿದ್ದರು. ಕೇಳಿದವರಿಗೆ ಮಹಾಭಾರತದ ಅನುಶಾಸನಪರ್ವದ ಹೆಸರನ್ನಷ್ಟೇ ಬರೆದು ತೋರಿಸಿದರು. ಸರ್ಕಾರ ಅದನ್ನು ತನ್ನ ಪರವಾದ ಆಶೀರ್ವಾದವೆಂದು ಸಾರಿಸಿತು. ರಾಜರು ಮಾಡುವುದು ಶಾಸನ, ಆಚಾರ್ಯರು ಮಾಡುವುದು ಅನುಶಾಸನ ಎಂದು ಅವರು ಅನಂತರ ವಿವರಿಸಿದರು. ವ್ಯಾಕರಣದ ದೃಷ್ಟಿಯಿಂದ ಆ ಭೇದ ಸಾಧುವೇ. ಆದರೆ ಸಾವಿರಾರು ಜನ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದಾಗ, ಪವನಾರಿನ ಮೊದಲ ಸತ್ಯಾಗ್ರಹಿಯಿಂದ ಜನ ಕಾದದ್ದು ಶಬ್ದದ ವ್ಯುತ್ಪತ್ತಿಯನ್ನಲ್ಲ. ಅವರ ಶಿಷ್ಯರಲ್ಲಿಯೇ ಇದರಿಂದ ಒಡಕುಂಟಾಯಿತು.

1976ರ ಜೂನ್ ತಿಂಗಳಲ್ಲಿ ಗೋಹತ್ಯೆಯ ನಿಷೇಧಕ್ಕಾಗಿ ಉಪವಾಸ ಮಾಡುವೆನೆಂಬ ಅವರ ಸಂಕಲ್ಪವು ಆಶ್ರಮದ ಮೈತ್ರೀ ಪತ್ರಿಕೆಯಲ್ಲಿ ಅಚ್ಚಾಯಿತು. ಪೊಲೀಸರು ಪವನಾರಿಗೆ ಬಂದು ಆ ಸಂಚಿಕೆಯ ಪ್ರತಿಗಳನ್ನು ಜಪ್ತಿಮಾಡಿಕೊಂಡು ಹೋದರು. ಅದು 36 ವರ್ಷಗಳ ಹಿಂದೆ ಅವರು ಮಾತನಾಡಿ ಸತ್ಯಾಗ್ರಹವನ್ನು ಆರಂಭಿಸಿದ ಅದೇ ಊರು. ಈ ಸಲ ಬಂದವರು ಮಾತ್ರ ನಮ್ಮದೇ ಸರ್ಕಾರದವರು. 1982ನೆಯ ನವೆಂಬರಿನಲ್ಲಿ ಆಹಾರ, ಔಷಧಿಗಳನ್ನು ತ್ಯಜಿಸಿದ ವಿನೋಬರು 15ನೆಯ ತಾರೀಖು ಪವನಾರಿನಲ್ಲಿಯೇ ದೇಹವನ್ನು ಬಿಟ್ಟರು.